ಕರಿ ಸ್ಕ್ರೀನು

ಕಂಪ್ಯೂಟರಿನ ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಚಿನ್ನಮ್ಮ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ಮತ್ತೆ ಅದೇ ಬೆಳಕು. ನಿನ್ನೆ ಸಂಜೆ ಐದಕ್ಕೆ ಕಪ್ಪು ಮಾಡಿಟ್ಟು ಹೋಗಿದ್ದ ಪರದೆಯ ಮೇಲೆ ಈಗ ನೀಲಿ ಆಕಾಶ, ಹಸಿರು ಗುಡ್ಡ, ಹತ್ತಿಯಂಥ ಮೋಡ. ಈ ತಿಂಗಳಲ್ಲಿ ಇದು ಐದನೇ ಸಲ.

"ಯಾರು ಕೂತಿದ್ರು ಚಾಮಯ್ಯ ಇಲ್ಲಿ?"

ಕಸ ಗುಡಿಸುತ್ತಿದ್ದ ಅಟೆಂಡರ್ ಚಾಮಯ್ಯ ತಲೆ ಎತ್ತಲಿಲ್ಲ. "ಸೂಪ್ರಂಟು ಸಾಯೇಬ್ರು ಕಣವ್ವ. ಆರು ಗಂಟೆ ಗಂಟ ಇಸ್ಪೀಟು ಆಡ್ತಿದ್ರು."

ಚಿನ್ನಮ್ಮ ಹಲ್ಲು ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಅಂದಾಜಿನ ಮೇಲೆ ಬಾಣದ ಗುರುತನ್ನು ಓಡಿಸಿದಳು. ಕಂಟ್ರೋಲ್ ಪ್ಯಾನೆಲ್, ಡಿಸ್‌ಪ್ಲೇ, ಅಪಿಯರೆನ್ಸ್, ಹೈ ಕಾಂಟ್ರಾಸ್ಟ್. ದಾರಿ ಬೆರಳಿಗೇ ಗೊತ್ತಿತ್ತು. ಗುಡ್ಡ ಮೋಡ ಎಲ್ಲ ಮಾಯವಾಗಿ ಪರದೆ ಕಪ್ಪಾಯಿತು. ಅದರ ಮೇಲೆ ಅಕ್ಷರ ಬಿಳಿಯಾಗಿ, ದಪ್ಪಗೆ ಎದ್ದು ನಿಂತವು. ಅಷ್ಟು ಹೊತ್ತಿಗೆ ಎರಡೂ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಳು ಅಂದುಕೊಂಡಾರು ಎಂದು ಅವಳು ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

ಐದನೇ ವಯಸ್ಸಿನಲ್ಲಿ ದಡಾರ ಬಂದು ಅವಳ ಎರಡು ಕಣ್ಣಲ್ಲೂ ಬಿಳಿ ಕಲೆಯಂತೆ ತೆಳ್ಳಗೆ ಹೂವು ಬಿದ್ದಿತ್ತು. ಯಾವ ಕನ್ನಡಕಕ್ಕೂ ಬಗ್ಗದ ಹೂವು. ಓದಲು ಆಗದೆ ಇರಲಿಲ್ಲ, ಬಿ.ಎ. ಮುಗಿಸಿದ್ದಳು, ಟೈಪಿಂಗ್ ಸೀನಿಯರ್ ಪಾಸಾಗಿದ್ದಳು, ನಂಜನಗೂಡಿನ ಈ ಖಾಸಗಿ ಪಿಯು ಕಾಲೇಜಿನ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆಯಾಗಿದ್ದಳು. ಟೈಪ್‌ರೈಟರ್ ಇದ್ದಾಗ ತೊಂದರೆಯೇ ಇರಲಿಲ್ಲ. ಕಾಗದ ತಾನಾಗಿ ಉರಿಯುವುದಿಲ್ಲವಲ್ಲ. ಎರಡು ಸಾವಿರದ ನಾಲ್ಕರಲ್ಲಿ ಟೈಪ್‌ರೈಟರನ್ನು ಗುಜರಿಗೆ ಹಾಕಿ ಕಂಪ್ಯೂಟರ್ ತಂದಿಟ್ಟಾಗ ಕಷ್ಟ ಶುರುವಾಯಿತು. ಬಿಳಿ ಪರದೆಯ ಬೆಳಕೆಲ್ಲ ಕಣ್ಣಿನ ಹೂವಿನೊಳಗೆ ತುಂಬಿಕೊಂಡು ಅಕ್ಷರಗಳು ಅದರಲ್ಲೇ ಕರಗಿಹೋಗುತ್ತಿದ್ದವು. ದಿನಾ ಸಂಜೆ ತನ್ನೂರು ಹೆಡತಲೆಗೆ ಹೋಗುವ ಬಸ್ಸಿನಲ್ಲಿ ಹಣೆ ಒತ್ತಿಕೊಂಡು ಕೂರುತ್ತಿದ್ದಳು.

ಕಪ್ಪು ಪರದೆಯ ಉಪಾಯ ಯಾರೂ ಹೇಳಿಕೊಟ್ಟದ್ದಲ್ಲ. ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಒಂದೊಂದೇ ಬಾಗಿಲು ತೆಗೆದು ನೋಡುತ್ತ ಹೋದವಳಿಗೆ, ಅಕ್ಷರ ದೊಡ್ಡದು ಮಾಡುವುದು, ಬಾಣ ದಪ್ಪ ಮಾಡುವುದು, ಹಿನ್ನೆಲೆ ಕಪ್ಪು ಮಾಡುವುದು, ಎಲ್ಲವೂ ಆ ಪೆಟ್ಟಿಗೆಯೊಳಗೇ ಇದೆಯೆಂದು ಗೊತ್ತಾಗಿತ್ತು. ಮಾಡಿದವನು ಯಾರೋ ತನ್ನಂಥ ಕಣ್ಣಿನವರನ್ನು ನೆನೆದೇ ಇಟ್ಟಿದ್ದ. ಅವತ್ತು ಮಧ್ಯಾಹ್ನ ನೂರಿಪ್ಪತ್ತು ಹೆಸರು ಟೈಪು ಮಾಡಿ, ತಲೆನೋವಿಲ್ಲದೆ ಮನೆಗೆ ಹೋಗಿದ್ದಳು.

ಹತ್ತೂವರೆಗೆ ಸೂಪರಿಂಟೆಂಡೆಂಟ್ ಮಹಾದೇವಸ್ವಾಮಿ ಬಂದವರೇ ಪರದೆ ನೋಡಿ ಮುಖ ಹಿಂಡಿದರು.

"ಮತ್ತೆ ಮಾಡಿದ್ಯಾ? ಏನಮ್ಮ ಇದು, ಸೂತಕದ ಮನೆ ಇದ್ದಂಗೆ?"

"ಸಾ, ನನಗೆ ಬಿಳಿ ಕಾಣಲ್ಲ ಅಂತ ನಾಲ್ಕು ಸಲ ಹೇಳಿದೀನಿ. ನೀವು ಆಡಾದ್ಮೇಲೆ ಇದ್ದಂಗೇ ಬಿಟ್ಬಿಡಿ."

ಆಡುವ ಮಾತು ಬಂದದ್ದೇ ಅವರ ಕಿವಿ ಕೆಂಪಗಾಯಿತು. ಕೌಂಟರಿನಲ್ಲಿ ಇಬ್ಬರು ಪೋಷಕರು ನಿಂತಿದ್ದರು.

"ಅಡ್ಮಿಷನ್‌ಗೆ ಬಂದೋರು ಮೊದಲು ನೋಡೋದು ಈ ಟೇಬಲ್ಲು. ಕಂಪ್ಯೂಟರ್ ಕೆಟ್ಟೋಗಿದೆ ಅನ್ಕೋತಾರೆ. ಇದೇನು ನಿಮ್ಮಪ್ಪನ ಮನೆ ಟೀವಿನಾ, ಬೇಕಾದ ಬಣ್ಣ ತಿರುಗಿಸ್ಕೊಳ್ಳಕ್ಕೆ?"

ಎರಡು ದಿನದಲ್ಲಿ ಮೈಸೂರಿನಿಂದ ರಿಪೇರಿಯವನು ಬಂದ. 'ವೈರಸ್' ಎಂದು ಹೇಳಿ ಮಹಾದೇವಸ್ವಾಮಿಯವರೇ ಕರೆಸಿದ್ದರು. ವೈರಸ್ ಏನೂ ಇಲ್ಲ, ಸೆಟ್ಟಿಂಗ್ ಅಷ್ಟೆ ಎಂದು ಅವನು ನಕ್ಕಾಗ, ಹಾಗಾದರೆ ಯಾರೂ ಮುಟ್ಟದ ಹಾಗೆ ಬೀಗ ಹಾಕು ಎಂದರು. ಅವನು ಹಾಕಿದ. ಮರುದಿನ ಕಂಪ್ಯೂಟರ್ ಏಳುವಾಗ ಎರಡು ಹೆಸರು ತೋರಿಸಿತು. ಒಂದು 'ಮಹಾದೇವಸ್ವಾಮಿ', ಅದಕ್ಕೆ ಪಾಸ್‌ವರ್ಡು. ಕೆಳಗೆ 'ಆಫೀಸ್', ಅದು ಉಳಿದವರಿಗೆ. ಆಫೀಸ್ ಒತ್ತಿದರೆ ಹಸಿರು ಗುಡ್ಡ. ಡಿಸ್‌ಪ್ಲೇ ತೆಗೆಯಲು ಹೋದರೆ ನಿನಗೆ ಅನುಮತಿಯಿಲ್ಲವೆಂಬ ಒಂದು ಸಾಲು.

ಆ ಸಾಲನ್ನು ಚಿನ್ನಮ್ಮ ಮೂಗು ತಾಗಿಸಿ ಎರಡು ಸಲ ಓದಿದಳು. ಮೌಸನ್ನು ಎತ್ತಿ ಗೋಡೆಗೆ ಬೀಸಬೇಕೆನ್ನಿಸಿತು. ಎತ್ತಲಿಲ್ಲ. ಪರೀಕ್ಷೆಗೆ ಕಟ್ಟಿದವರ ಪಟ್ಟಿ ಮುಂದಿನ ವಾರದ ಶನಿವಾರದೊಳಗೆ ಬೋರ್ಡಿಗೆ ಹೋಗಬೇಕಿತ್ತು. ಒಂಬತ್ತು ದಿನ ಆ ಉರಿಯುವ ಗುಡ್ಡದ ಮುಂದೆ ಕೂತು, ಮುನ್ನೂರ ಹದಿನಾಲ್ಕು ಹೆಸರು ತುಂಬಿದಳು. ಹತ್ತು ಹೆಸರಿಗೊಂದು ಸಲ ಎದ್ದು ಹೋಗಿ ನಲ್ಲಿ ನೀರು ಕಣ್ಣಿಗೆ ಚಿಮುಕಿಸಿಕೊಂಡು ಬರುತ್ತಿದ್ದಳು.

ಪಟ್ಟಿ ಬೋರ್ಡಿನಿಂದ ವಾಪಸು ಬಂತು. ಬಿಳಿಗೆರೆಯ ಹುಡುಗಿಯೊಬ್ಬಳು ಹುಟ್ಟಿದ ವರ್ಷ ಎಂಬತ್ತೆಂಟರ ಬದಲು ಎಂಬತ್ಮೂರು ಎಂದು ಬಿದ್ದಿತ್ತು. ಎಂಟು, ಮೂರು. ಆ ಬೆಳಕಿನಲ್ಲಿ ಎರಡೂ ಒಂದೇ. ಹನ್ನೊಂದು ವರ್ಷದಲ್ಲಿ ಅವಳ ಕೈಯಿಂದ ಪಟ್ಟಿಯೊಂದು ತಪ್ಪಾಗಿ ಹೋದದ್ದು ಅದೇ ಮೊದಲು. ಮಧ್ಯಾಹ್ನ ಮೂರಕ್ಕೆ ಚಾಮಯ್ಯ ಮೆಮೋ ತಂದುಕೊಟ್ಟು, ಸಹಿ ಹಾಕಿಸಿಕೊಳ್ಳುವಾಗ ನೆಲ ನೋಡಿದ. 'ದೃಷ್ಟಿದೋಷದ ಕಾರಣ ಕರ್ತವ್ಯ ನಿರ್ವಹಿಸಲು ಅಸಮರ್ಥರಾಗಿರುವಂತೆ ಕಂಡುಬರುವುದರಿಂದ ತಮ್ಮನ್ನು ಸೇವೆಯಿಂದ ಏಕೆ ಬಿಡುಗಡೆಗೊಳಿಸಬಾರದು ಎಂಬುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.'

ಸಂಜೆ ಹೆಡತಲೆಯ ಮನೆಯ ಜಗಲಿಯಲ್ಲಿ ಅವಳು ಅದನ್ನು ತಂದೆ ನಾಗಯ್ಯನಿಗೆ ಓದಿ ಹೇಳಿದಳು.

"ಅಂಗಂದ್ರೆ ಕೆಲ್ಸದಿಂದ ಕಳುಸ್ತಾರಾ?"

"ಕಳಿಸ್ಬೇಕು ಅಂತಲೇ ಬರ್ದವ್ರೆ. ಅವ್ರೇ ಕಣ್ಣು ಕಟ್ಬುಟ್ಟು, ಅವ್ರೇ ನಿಂಗೆ ಕಾಣ್ಸಲ್ಲ ಅಂತ ಬರ್ದವ್ರೆ."

"ನೀನು ಮಾತಾಡ್ದ್ಯಾ?"

"ಮಾತಾಡೇ ಇಷ್ಟಾಗಿದ್ದು."

ನಾಗಯ್ಯ ಬೀಡಿ ಹಚ್ಚಲು ಹೋಗಿ ಹಚ್ಚದೆ ಕೈಯಲ್ಲೇ ಇಟ್ಟುಕೊಂಡ. "ಕವಲಂದೆ ಓಟ್ಲಲ್ಲಿ ನಮ್ಗೆ ಬ್ಯಾರೆ ಲೋಟ ಮಡಗಿದ್ರು ಕಣವ್ವ, ಹೊರಗಡೆ ಗೂಡಲ್ಲಿ. ಕುಡ್ದು ತೊಳ್ದು ಮಡಗಬೇಕಿತ್ತು. ನಾನು ಹದಿನೈದು ವರ್ಸ ಚೆನ್ನಾಗಿ ತೊಳ್ದು ಮಡಗ್ದೆ. ಬೂದಿ ಹಾಕಿ ತಿಕ್ಕಿ ತೊಳೀತಿದ್ದೆ." ಬೀಡಿಯನ್ನು ಮತ್ತೆ ಕಟ್ಟಿಗೆ ಸೇರಿಸುತ್ತ ಹೇಳಿದ: "ಯಾಕೆ ತೊಳ್ದೆ ಅಂತ ಈಗ್ಲೂ ಗ್ಯಾನ ಬತ್ತದೆ."

ಅವಳಿಗೆ ಅಪ್ಪನ ಮೇಲೂ ಸಿಟ್ಟು ಬಂತು. ಆ ಹದಿನೈದು ವರ್ಷದ ಮೇಲೆ, ಬೂದಿಯ ಮೇಲೆ. ದೀಪ ಹಚ್ಚುವ ಮೊದಲೇ ಒಂದು ಬಿಳಿ ಹಾಳೆ ತೆಗೆದುಕೊಂಡು ಸಮಜಾಯಿಷಿ ಬರೆದಳು. ಒಂದು ಪುಟವಾಗಬಹುದೆಂದುಕೊಂಡಿದ್ದು ಮೂರೇ ಸಾಲಿಗೆ ಮುಗಿಯಿತು.

ಮೂರನೆಯ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿ ವಿಶಾಲಮ್ಮ ಕಾಲೇಜಿಗೆ ಬಂದು, ಆಫೀಸಿನಲ್ಲೇ ಕಂಪ್ಯೂಟರ್ ಪಕ್ಕ ಕೂತರು. ಕಾಲೇಜು ಕಟ್ಟಿಸಿದವರ ಸೊಸೆ. ಕೆಟ್ಟವರೇನಲ್ಲ, ಆದರೆ ಯಾವಾಗಲೂ ಇನ್ನೆಲ್ಲಿಗೋ ಹೊರಟವರಂತೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಚಿನ್ನಮ್ಮ ಕೊಟ್ಟ ಹಾಳೆಯನ್ನು ಅವರು ಗಟ್ಟಿಯಾಗಿಯೇ ಓದಿದರು.

"'ನನ್ನ ಕಣ್ಣು ಹನ್ನೊಂದು ವರ್ಷದ ಹಿಂದೆ ಕೆಲಸಕ್ಕೆ ತೆಗೆದುಕೊಂಡಾಗ ಹೇಗಿತ್ತೋ ಹಾಗೇ ಇದೆ. ಬದಲಾದದ್ದು ಪರದೆ. ಬದಲಾಯಿಸಿದವರು ಸೂಪರಿಂಟೆಂಡೆಂಟರು.'" ಹಾಳೆ ಮಡಿಸಿದರು. "ಇಷ್ಟು ಖಾರವಾಗಿ ಬರೀಬೇಕಿತ್ತಾ ಚಿನ್ನಮ್ಮ?"

"ಮೆಮೋ ಸಿಹಿಯಾಗಿತ್ತಾ ಅಮ್ಮ?"

ಪಕ್ಕದಲ್ಲಿ ನಿಂತಿದ್ದ ಮಹಾದೇವಸ್ವಾಮಿ ಗಂಟಲು ಸರಿಮಾಡಿಕೊಂಡರು. "ಮೇಡಂ, ನಾನೇನು ಇವ್ರ ವೈರಿಯಲ್ಲ. ಹಿಂದುಗಡೆ ಸ್ಟೋರ್ ರೂಮಲ್ಲಿ ಹಳೇ ಕಂಪ್ಯೂಟರ್ ಒಂದಿದೆ. ಅಲ್ಲೇ ಟೇಬಲ್ ಹಾಕ್ಕೊಡೋಣ. ಕಪ್ಪಾದ್ರೂ ಮಾಡ್ಕೊಳ್ಳಲಿ, ಕೆಂಪಾದ್ರೂ ಮಾಡ್ಕೊಳ್ಳಲಿ. ಯಾರಿಗೂ ತೊಂದರೆಯಿಲ್ಲ."

ವಿಶಾಲಮ್ಮನ ಮುಖ ಅರಳಿತು. "ಒಳ್ಳೇದಾಯ್ತಲ್ಲ. ಪಾಪ, ಅಲ್ಲಿ ಬೆಳಕೂ ಕಮ್ಮಿ, ಕಣ್ಣಿಗೂ ತಂಪು."

ಆ 'ಪಾಪ' ಚಿನ್ನಮ್ಮನ ನೆತ್ತಿಗೇರಿತು. ಸ್ಟೋರ್ ರೂಮಿನ ಮುರಿದ ಬೆಂಚುಗಳು, ಇಲಿ ಹಿಕ್ಕೆ, ಹೊರಗಿನಿಂದ ಹಾಕುವ ಚಿಲಕ, ಎಲ್ಲ ಕಣ್ಮುಂದೆ ಬಂತು. ದನಿ ಏರಬಾರದೆಂದು ಮೇಜಿನ ಅಂಚು ಹಿಡಿದುಕೊಂಡಳು.

"ನಾನು ಹಿಂದುಗಡೆ ಓಗಲ್ಲ ಅಮ್ಮ. ಬ್ಯಾರೆ ರೂಮು, ಬ್ಯಾರೆ ಮೆಷೀನು ನನಗೆ ಬೇಡ. ನಾನು ಕೂತಿದ್ದ ಜಾಗದಲ್ಲೇ ಕೂತ್ಕೋತೀನಿ."

"ಅದೆಂಗಮ್ಮ ಆಗುತ್ತೆ?" ಎಂದರು ಮಹಾದೇವಸ್ವಾಮಿ. "ಒಂದು ಮೆಷೀನಿಗೆ ಎರಡು ಬಣ್ಣ ಬರುತ್ತಾ?"

"ನಿಮ್ಮದು ಆಗ್ಲೇ ಬ್ಯಾರೆ ಅದಲ್ಲ ಸಾ. ದಿನಾ ಬೆಳಿಗ್ಗೆ ನಿಮ್ಮ ಹೆಸ್ರು ನೋಡ್ತಿದೀನಿ ನಾನು. ನೀವು ಒತ್ತಿದ್ರೆ ನಿಮ್ಮದು ಬತ್ತದೆ, ಆಫೀಸ್ ಒತ್ತಿದ್ರೆ ಆಫೀಸಿಂದು ಬತ್ತದೆ. ಇನ್ನೊಂದು ಹೆಸ್ರು ಸೇರ್ಸಕ್ಕೆ ಐದು ನಿಮಿಷ ಬೇಡ. ಕಾಸೂ ಖರ್ಚಿಲ್ಲ. ಪಾಸ್‌ವರ್ಡ್ ಹಾಕಿ, ತೋರಿಸ್ತೀನಿ."

"ಪಾಸ್‌ವರ್ಡು ನೆನಪಿಲ್ಲ."

"ನಿನ್ನೆ ಸಂಜೆ ಇಸ್ಪೀಟು ಆಡುವಾಗ ನೆನಪಿತ್ತಾ?"

ಬಾಗಿಲ ಹೊರಗೆ ಚಾಮಯ್ಯನ ಕಸಬರಿಕೆಯ ಸದ್ದು ನಿಂತಿತು. ವಿಶಾಲಮ್ಮ ಮೊದಲ ಸಲ ಕುರ್ಚಿಯ ಬೆನ್ನಿಗೆ ಒರಗಿ ಕೂತು, "ಹಾಕಿ ಸ್ವಾಮಿ" ಎಂದರು.

ಮಹಾದೇವಸ್ವಾಮಿ ಒಂದೇ ಬೆರಳಿನಿಂದ, ಎದೆಯಿಂದ ಕೀಲಿಮಣೆಯನ್ನು ಮರೆಮಾಡಿಕೊಂಡು, ಪಾಸ್‌ವರ್ಡ್ ಹಾಕಿ ಪಕ್ಕಕ್ಕೆ ಸರಿದರು. ಚಿನ್ನಮ್ಮ ಕೂತಳು. ಬಿಳಿಯ ಉರಿಯಲ್ಲಿ ತಡವರಿಸಿ ಒಂದು ಸಲ ತಪ್ಪಿದಳು, ಮತ್ತೆ ಸರಿಮಾಡಿದಳು. ತನ್ನ ಹೆಸರು ಬರೆದಳು. ಆ ಹೆಸರು ಒತ್ತಿ ಒಳಗೆ ಹೋಗಿ ನೋಡಿದರೆ ಬೀಗ ಅಲ್ಲಿರಲಿಲ್ಲ. ಪರದೆ ಕಪ್ಪಾಯಿತು. ವಿಶಾಲಮ್ಮ ವಾಪಸು ಬಂದಿದ್ದ ಪಟ್ಟಿಯ ಹಾಳೆಯೊಂದನ್ನು ಮುಂದಿಟ್ಟರು. ಅವಳು ಇಪ್ಪತ್ತು ಹೆಸರನ್ನು, ಹುಟ್ಟಿದ ದಿನಾಂಕಗಳ ಸಮೇತ, ತಿರುಗಿ ನೋಡದೆ ಹೊಡೆದಳು. ವಿಶಾಲಮ್ಮ ಬೆರಳಿಟ್ಟು ತಾಳೆ ನೋಡಿದರು. ತಪ್ಪಿರಲಿಲ್ಲ.

"ಸರಿ, ಇಲ್ಲೇ ಇರಲಿ ಬಿಡಿ," ಎಂದು ಅವರು ಎದ್ದರು.

"ಮೆಮೋ, ಅಮ್ಮ?"

"ಅದು ಫೈಲಿಗೆ ಸೇರಿಹೋಯ್ತಲ್ಲ. ಅದರ ಪಾಡಿಗೆ ಅದಿರುತ್ತೆ. ಯಾರು ನೋಡ್ತಾರೆ?"

"ಹಂಗಾದ್ರೆ ನನ್ನ ಸಮಜಾಯಿಷೀನೂ ಇರಲಿ. ನಂಬರು ಹಾಕಿ, ಸೀಲು ಹೊಡ್ಸಿ."

ವಿಶಾಲಮ್ಮ ಗಡಿಯಾರ ನೋಡಿಕೊಂಡು ಮಹಾದೇವಸ್ವಾಮಿಯವರತ್ತ ಕೈ ಮಾಡಿ ಹೊರಟುಹೋದರು. ಸೂಪರಿಂಟೆಂಡೆಂಟರು ಬಂದ ಕಾಗದ ದಾಖಲಿಸುವ ಆವಕ ಪುಸ್ತಕ ತೆಗೆದರು. ಆ ಮೂರು ಸಾಲಿನ ಮೇಲೆ ಅವರೇ ನಂಬರು ಬರೆದು, ಅವರೇ ಸೀಲು ಒತ್ತಿ, ಅವರೇ ಸಹಿ ಹಾಕುವವರೆಗೂ ಚಿನ್ನಮ್ಮ ಮೇಜಿನ ಮುಂದಿನಿಂದ ಕದಲಲಿಲ್ಲ. ಅವಳಿಗೆ ಗೆದ್ದೆನೆಂದೇನೂ ಅನ್ನಿಸಲಿಲ್ಲ. ಇದ್ದದ್ದನ್ನು ಇದ್ದ ಜಾಗದಲ್ಲಿ ಇಡಿಸಿಕೊಳ್ಳಲು ಇಷ್ಟೆಲ್ಲ ಆಗಬೇಕಾಯಿತಲ್ಲ ಎಂದು ಸಿಟ್ಟು ಇನ್ನೂ ಹೊಗೆಯಾಡುತ್ತಿತ್ತು.

ಮರುದಿನ ಬೆಳಿಗ್ಗೆ ಮಹಾದೇವಸ್ವಾಮಿ ಅವಳಿಗಿಂತ ಮೊದಲೇ ಬಂದು ಕಂಪ್ಯೂಟರ್ ಮುಂದೆ ನಿಂತಿದ್ದರು. ಪರದೆಯ ಮೇಲೆ ಮೂರು ಹೆಸರಿದ್ದವು.

"ನಿನ್ನ ಹೆಸರು ಯಾಕಮ್ಮ ಎಲ್ಲರಿಗಿಂತ ಮೇಲಿದೆ?"

"ನಾನು ಇಟ್ಟಿದ್ದಲ್ಲ ಸಾ. ಎ ಬಿ ಸಿ ಡಿ ಪ್ರಕಾರ ಅದೇ ಇಟ್ಕಂಡದೆ."

"ಕೆಳಗೆ ತರಕ್ಕೆ ಬರಲ್ವಾ?"

"ಬರಲ್ಲ."

ಅವರು ಬಾಣವನ್ನು ಆ ಹೆಸರುಗಳ ಮೇಲೆ ಒಂದೆರಡು ಸಲ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಏನೂ ಒತ್ತದೆ ತಮ್ಮ ಕೋಣೆಗೆ ಹೋದರು.

ಚಿನ್ನಮ್ಮ ಕುರ್ಚಿ ಎಳೆದುಕೊಂಡು ಕೂತಳು. ಕೌಂಟರಿನಲ್ಲಿ ಆಗಲೇ ನಾಲ್ಕು ಜನ ಸೇರಿದ್ದರು; ಮುಂದಿದ್ದ ಹೆಂಗಸು ಅರ್ಜಿಯನ್ನು ಕಿಂಡಿಯಲ್ಲಿ ತೂರಿಸಿ ಹಿಡಿದಿದ್ದಳು. ಮೂರು ಹೆಸರುಗಳಲ್ಲಿ ಅವಳು ತನ್ನದನ್ನು ಒತ್ತಿದಳು. "ಒಂದ್ನಿಮಿಷ ಇರಿ," ಎಂದು ಅವಳು ಪರದೆ ಕಪ್ಪಾಗುವವರೆಗೆ ಕಾದು, ಕೈಚಾಚಿ ಅರ್ಜಿ ತೆಗೆದುಕೊಂಡಳು.