ಕುಂದ್ರೋ ಶಿಕ್ಷೆ

ಮೆಟ್ರಿ ಊರಿನ ಗುಡ್ಡಪ್ಪ ಕಾಲುವೆ ನೀರು ಕದ್ದ ಎಂದರೆ ಅದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಕಾಲುವೆ ಬಂದಾಗಿನಿಂದ ನೀರು ಕದಿಯದ ಗಂಡಸು ಊರಲ್ಲಿ ಯಾರಿದ್ದರು? ಆದರೆ ಇವನು ಕದ್ದದ್ದು ಅಕ್ಕಿ ಗಿರಣಿ ಚನ್ನಯ್ಯನವರ ಪಾಳಿಯ ನೀರು, ಅದೂ ಮಟಮಟ ಮಧ್ಯಾಹ್ನ. ತೂಬಿನ ನೀರನ್ನು ತನ್ನ ಗದ್ದೆಗೆ ತಿರುವಿ, ಅಲ್ಲೇ ಜಾಲಿ ನೆರಳಲ್ಲಿ ಮಲಗಿ, ಗೊರಕೆ ಹೊಡೆಯುತ್ತ ಸಿಕ್ಕಿಬಿದ್ದ. ಕಳ್ಳತನಕ್ಕೂ ಒಂದಿಷ್ಟು ಮೈ ಬಗ್ಗಬೇಕಲ್ಲ ಎಂದು ಹೆಂಡತಿ ಉಚ್ಚೆಂಗಮ್ಮನಿಗೆ ಸಿಟ್ಟು ಬಂತು.

ಗುಡಿ ಕಟ್ಟೆಯ ಮೇಲೆ ಪಂಚರು ಕೂತರು, ಚನ್ನಯ್ಯನವರೇ ನಡುವೆ. ರೂಢಿಯ ದಂಡ ಎಲ್ಲರಿಗೂ ಗೊತ್ತಿತ್ತು: ಕದ್ದವನ ಗದ್ದೆಗೆ ಮುಂದಿನ ಪಾಳಿ ಬಂದ್. ಐಆರ್ ಎಂಟು ತಳಿಯ ಭತ್ತ ಆಗಷ್ಟೇ ಹೊಡೆ ಒಡೆದು ತೆನೆ ತೋರಿಸಿತ್ತು. ಒಂದು ಪಾಳಿ ತಪ್ಪಿದರೆ ಕಾಳೆಲ್ಲ ಜೊಳ್ಳು. ಆ ಭತ್ತ ನಾಟಿ ಮಾಡಿದವಳು, ಕಳೆ ಕಿತ್ತವಳು, ಗೊಬ್ಬರ ಎರಚಿದವಳು ಉಚ್ಚೆಂಗಮ್ಮ. ಅವಳು ಸೆರಗು ಹೊದ್ದು ಕಟ್ಟೆಯ ಮುಂದೆ ಬಂದು ನಿಂತಳು.

"ಯಜಮಾನ್ರೇ, ಕದ್ದಾತ ಇಲ್ಲಿ ನಿಂತಾನ. ಭತ್ತ ಏನ್ ಕದ್ದೈತ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ತೀರೇನು?"

"ಮತ್ತೇನು ಮಾಡಾಣವ್ವ, ನೀನ ಹೇಳು," ಎಂದರು ಚನ್ನಯ್ಯ.

"ಇವನ್ನ ತೂಬಿನ ಮುಂದ ಕುಂದ್ರಸ್ರಿ. ದಿನಾ ಹೊತ್ತು ಮುಣುಗೋತನಕ ಮಂದಿ ಪಾಳಿ ನೀರು ಕಾಯ್ಲಿ. ನಮ್ಮ ಭತ್ತ ಕೊಯ್ಲಿಗೆ ಬರೋತನಕ ಏಳಂಗಿಲ್ಲ."

ಮನುಷ್ಯನಿಗೆ ತಿದ್ದಿಕೊಳ್ಳಲು ಒಂದು ಅವಕಾಶ ಕೊಟ್ಟಂತಾಯಿತು ಎಂದು ಪಂಚರಿಗೆ ತಮ್ಮ ಬಗ್ಗೆಯೇ ಗೌರವ ಹುಟ್ಟಿತು. ಒಪ್ಪಿದರು.

ಮೊದಮೊದಲು ಗುಡ್ಡಪ್ಪ ಮುಖದ ಮೇಲೆ ಟವೆಲ್ ಹಾಕಿಕೊಂಡು ಕೂತ. ಆಮೇಲೆ ಟವೆಲ್ ಕೆಳಗೆ ಹಾಸಿ ಅದರ ಮೇಲೆ ಕೂತ. ಹೋಗಿ ಬರುವವರು ಬೀಡಿ ಕೊಟ್ಟರು, ಚಾ ತಂದರು. ಯಾರೋ ಟ್ರಾನ್ಸಿಸ್ಟರ್ ಇಟ್ಟು ಹೋದರು. ನೀರಿನ ಜಗಳಗಳನ್ನು ಅವನೇ ಬಗೆಹರಿಸತೊಡಗಿದ. ಊರು ಅವನನ್ನು ಗುಡ್ಡಪ್ಪಣ್ಣ ಎಂದು ಕರೆಯಿತು. ಕಳವು ಮಾತ್ರ ಪೂರಾ ನಿಂತಿತು, ಅದರಲ್ಲಿ ಸುಳ್ಳಿಲ್ಲ.

ಇತ್ತ ಅವನು ಮಾಡುತ್ತಿದ್ದ ಚೂರುಪಾರು ಕೆಲಸವೂ ಉಚ್ಚೆಂಗಮ್ಮನ ಹೆಗಲಿಗೆ ಬಿತ್ತು. ಬದು ಕಟ್ಟುವುದು, ಹುಳಕ್ಕೆ ಎಣ್ಣೆ ಹೊಡೆಯುವುದು, ಎಮ್ಮೆ ಮೈ ತೊಳೆಯುವುದು, ಮೇಲಾಗಿ ತೂಬಿಗೆ ಬುತ್ತಿ ಒಯ್ಯುವುದು. ಒಂದು ದಿನ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಹಿಡಿಯಲು ಬಾ ಎಂದು ಕರೆದಳು.

"ಶಿಕ್ಷಾ ಐತಲ್ಲ, ಏಳಂಗಿಲ್ಲ," ಎಂದ ಗುಡ್ಡಪ್ಪ. "ಮತ್ತ ಸಾರಿಗೆ ಉಪ್ಪು ಕಮ್ಮಿ ಆಗೇತಿ."

ಭತ್ತ ಬಲಿತು ಬಾಗಿತು, ನಾಳೆಯೇ ಕೊಯ್ಲು. ಸೊಂಟದಲ್ಲಿ ಕುಡುಗೋಲು, ಕೈಯಲ್ಲಿ ಬುತ್ತಿ ಹಿಡಿದು ಉಚ್ಚೆಂಗಮ್ಮ ತೂಬಿಗೆ ಬಂದಾಗ ಪಂಚರೆಲ್ಲ ಅಲ್ಲಿದ್ದರು. ಶಿಕ್ಷೆ ಮುಗಿಯಿತು ಎನ್ನಲು ಬಂದಿದ್ದಾರೆಂದು ಅವಳಿಗೆ ಜೀವ ಬಂದಂತಾಯಿತು.

"ಗುಡ್ಡಪ್ಪ ಭಾಳ ತಿದ್ಕೊಂಡಾನ," ಎಂದರು ಚನ್ನಯ್ಯ. "ನಮ್ಮದು ತಡ ನಾಟಿ, ನೀರು ಇನ್ನಾ ಬೇಕು. ಮುಂದಿನ ಬೆಳಿಗೂ ಇವನ ಇಲ್ಲಿ ಕುಂತಿರ್ಲಿ."

ಉಚ್ಚೆಂಗಮ್ಮನಿಗೆ ಅಳು ಬಂತು. ಬುತ್ತಿ ಕೆಳಗಿಟ್ಟಳು. ಗುಡ್ಡಪ್ಪನ ಪಕ್ಕದಲ್ಲಿದ್ದ ಸಲಿಕೆ ತೆಗೆದುಕೊಂಡು, ಚನ್ನಯ್ಯನವರ ಗದ್ದೆಗೆ ಹರಿಯುತ್ತಿದ್ದ ನೀರನ್ನು ಎಲ್ಲರ ಕಣ್ಣೆದುರೇ ತನ್ನ ಗದ್ದೆ ಬದಿಯ ಮೆಣಸಿನಗಿಡಗಳ ಕಡೆ ತಿರುವಿದಳು.

"ಏನವ್ವ ಇದು?" ಎಂದರು ಚನ್ನಯ್ಯ.

"ಕಳವು ರೀ. ನಿಮ್ಮ ಪಾಳಿ ನೀರು. ನಾಕು ಮಂದಿ ನೋಡೀರಿ." ಗಂಡನನ್ನು ಎಬ್ಬಿಸಿ, ಅವನ ಟವೆಲ್ ಮೇಲೆ ಕಾಲು ಚಾಚಿ ಕೂತಳು. "ಶಿಕ್ಷಾ ಎಲ್ಲಾರಿಗೂ ಒಂದ ಅಲ್ಲೇನ್ರಿ?"

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಹೌದೆಂದು ತಲೆಯಾಡಿಸಿದರು.

"ಮತ್ತ ಕೊಯ್ಲು?" ಎಂದ ಗುಡ್ಡಪ್ಪ.

ಉಚ್ಚೆಂಗಮ್ಮ ಸೊಂಟದ ಕುಡುಗೋಲು ತೆಗೆದು ಅವನ ಕೈಗೆ ಕೊಟ್ಟಳು.

"ನಾಳಿ ಬುತ್ತಿ ಜಲ್ದಿ ತಾ," ಎಂದಳು. "ಸಾರಿಗೆ ಉಪ್ಪು ನೋಡಿ ಹಾಕು."