ಆರಕ್ಕೆ ಮುಚ್ಚುವ ಗೇಟು

"ಗೇಟು ಆರ್ ಗಂಟ್ಗೆ ಮುಚ್ತಾರೆ ಕಣ್ಲಾ, ಗ್ಯಾಪ್ಕ ಇರ್‍ಲಿ," ಎಂದು ಚಾಮಯ್ಯ ಮೂರನೆಯ ಸಲ ಹೇಳುವ ಹೊತ್ತಿಗೆ ಪಿಕಪ್ ಗಾಡಿ ಕಾಡು ಮುಗಿಸಿ ಬಾವಲಿಯ ಅರಣ್ಯ ಚೆಕ್‌ಪೋಸ್ಟ್ ದಾಟಿ ಕೇರಳದ ರಸ್ತೆಗೆ ಇಳಿದಿತ್ತು.

"ವಾರಕ್ಕೆ ಎರಡ್ ಸಲ ಈ ದಾರೀಲಿ ಶುಂಠಿ ಸಾಗಿಸ್ತೀನಿ ಕಣಪ್ಪ," ಎಂದ ಮಗ ಮಾದೇಶ್. "ಆರ್ ಗಂಟೆ ಆದ್ಮೇಲೆ ರಸ್ತೆ ತನ್ದು ಅಂತ ಆನೆಗೇ ಗೊತ್ತು. ನಂಗ್ ಗೊತ್ತಿಲ್ವಾ?"

ಇಬ್ಬರ ನಡುವೆ ಕಜ್ಜಾಯದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಪುಟ್ಟಮಲ್ಲಮ್ಮ ನಗಲಿಲ್ಲ. ಊರು ಬಿಟ್ಟಾಗಿನಿಂದಲೂ ಅವಳು ಮಾತನಾಡಿರಲಿಲ್ಲ. ಕಾಡಿನ ದಾರಿಯೆಂದರೆ ಅವಳಿಗೆ ಭಯವೆಂದು ಚಾಮಯ್ಯ ಭಾವಿಸಿದ್ದ. ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಸುಕ್ಕಾಗದಂತೆ ಅವನು ಬೆನ್ನನ್ನು ಸೀಟಿಗೆ ಒರಗಿಸದೆ ಕುಳಿತಿದ್ದ. ಮಗಳು ಸಂಘಮಿತ್ರ ಮಾನಂದವಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಎರಡು ವರ್ಷವಾಗಿತ್ತು. ಇಂದು ಕಾಟಿಕುಳದ ವಾಚನಾಲಯದ ವಾರ್ಷಿಕೋತ್ಸವದಲ್ಲಿ ಅವಳ ತಂಡದ ಸಂಗೀತ ಕಾರ್ಯಕ್ರಮವಿತ್ತು. ಮಗಳು ಹಾಡುತ್ತಾಳೆಂದು ಅವನು ಬೀದಿಯಲ್ಲೆಲ್ಲ ಹೇಳಿ ಬಂದಿದ್ದ.

ವಾಚನಾಲಯದ ಮೈದಾನದಲ್ಲಿ ಯಾರೋ ಅವನ ಕೈಹಿಡಿದು ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಕರಿಚಹಾ ತಂದುಕೊಟ್ಟು, ಮಲಯಾಳಂನಲ್ಲಿ ಏನೋ ಹೇಳಿ ನಕ್ಕರು. ಚಾಮಯ್ಯನೂ ನಕ್ಕ. ತನ್ನೂರಿನ ಯಾವ ಸಭೆಯಲ್ಲೂ ಅವನಿಗೆ ಕುರ್ಚಿ ಸಿಕ್ಕಿದ್ದಿಲ್ಲ. ಹಬ್ಬಕ್ಕೆ, ಹೆಣಕ್ಕೆ ಮೇಲಿನ ಬೀದಿಯಿಂದ ಕರೆ ಬಂದಾಗಲೆಲ್ಲ ತಮಟೆ ಹೊತ್ತು ಹೋಗಿ, ಬಾರಿಸಿ ಮುಗಿಸಿ, ಎಲ್ಲರೂ ಉಂಡ ಮೇಲೆ ಎಲೆಯಲ್ಲಿ ಕಟ್ಟಿಕೊಟ್ಟದ್ದನ್ನು ತರುವುದಷ್ಟೇ ಅವನಿಗೆ ಗೊತ್ತಿದ್ದ ಮರ್ಯಾದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಅವನ ಬೀದಿ ಇನ್ನು ಬಾರಿಸುವುದಿಲ್ಲವೆಂದು ತೀರ್ಮಾನಿಸಿತು. ತಮಟೆಗಳನ್ನೆಲ್ಲ ರಾಶಿ ಹಾಕಿ ಸುಟ್ಟ ದಿನ ಮೊದಲನೆಯದನ್ನು ಎಸೆದವನು ಚಾಮಯ್ಯನೇ. ಮುಂದೆ ಎಂಟು ತಿಂಗಳು ಆ ಬೀದಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಗಿರಣಿಯಲ್ಲಿ ರಾಗಿ ಬೀಸಿಕೊಡಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಮೂರು ವರ್ಷದ ಸಂಘಮಿತ್ರ ಸಪ್ಪೆ ಗಂಜಿಯ ಬಟ್ಟಲನ್ನು ದೂಡಿ ಅತ್ತದ್ದು ಅವನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

ಮೂರೂವರೆಗೆ ಆರಂಭವಾಗಬೇಕಿದ್ದ ಕಾರ್ಯಕ್ರಮ ನಾಲ್ಕಾದರೂ ಆರಂಭವಾಗಲಿಲ್ಲ. ಮುಖ್ಯ ಅತಿಥಿ ಬಂದಿರಲಿಲ್ಲ. ಆಗಲೇ ವೇದಿಕೆಯ ಹಿಂದಿನಿಂದ ಆ ವಾಸನೆ ತೇಲಿ ಬಂತು: ಬೆಂಕಿಗೆ ಹಿಡಿದ ಚರ್ಮದ ವಾಸನೆ. ಚಾಮಯ್ಯ ಚಹಾದ ಲೋಟವನ್ನು ಕುರ್ಚಿಯ ಕೆಳಗಿಟ್ಟು ಎದ್ದ. ಪುಟ್ಟಮಲ್ಲಮ್ಮ ಅವನ ಅಂಗಿಯ ತುದಿ ಹಿಡಿದಳು. ಅವನು ಬಿಡಿಸಿಕೊಂಡು ನಡೆದ.

ಹಿಂದೆ ತೆಂಗಿನ ಗರಿಯ ಬೆಂಕಿ ಉರಿಯುತ್ತಿತ್ತು. ಸುತ್ತ ಕಪ್ಪು ಸೀರೆಯ ಏಳು ಹೆಣ್ಣುಮಕ್ಕಳು, ಅವರ ಕೈಯಲ್ಲಿ ಏಳು ತಮಟೆಗಳು. ಸಂಘಮಿತ್ರಳ ಕೈಯಲ್ಲಿದ್ದ ತಮಟೆಯ ಸುತ್ತಿನ ಕಬ್ಬಿಣದ ಬಳೆ ಒಂದು ಕಡೆ ನಗ್ಗಿತ್ತು. ಆ ನಗ್ಗು ಅವನಿಗೆ ಗೊತ್ತು. ಅದು ಅವನ ಅಪ್ಪ ಕೆಂಪಯ್ಯನ ತಮಟೆ. ಮನೆಯಲ್ಲಿ ಇದ್ದವು ಎರಡು. ಎರಡನೆಯದನ್ನು ತಾನೇ ಬೆಂಕಿಗೆ ಹಾಕಿ ಬಂದೆನೆಂದು ಅಂದು ಪುಟ್ಟಮಲ್ಲಮ್ಮ ಹೇಳಿದ್ದಳು.

ಅವನು ತಿರುಗಿ ನೋಡಿದ. ಹೆಂಡತಿ ಡಬ್ಬಿ ಹಿಡಿದು ಹಿಂದೆಯೇ ನಿಂತಿದ್ದಳು.

"ಮಾವನ್ ಕೈದು. ಸುಡಕ್ಕೆ ಮನ್ಸ್ ಬರ್‍ಲಿಲ್ಲ. ಅಟ್ಟದ್ ಮ್ಯಾಲೆ ಮಡಗಿದ್ದೆ," ಎಂದಳು.

"ಅಪ್ಪ, ಅವ್ವನ್ನ ಬೈಬೇಡ. ನಾನೇ ಕೇಳಿ ಈಸ್ಕಂಡಿದ್ದು," ಎಂದಳು ಸಂಘಮಿತ್ರ.

"ನಿನ್ನ ಓದ್ಸಿದ್ದು ಇದನ್ನ ಹಿಡೀಲಿ ಅಂತಲಾ?"

"ನಿಂಗೆ ಬಾರ್ಸು ಅಂತ ಅವ್ರು ಅಪ್ಪಣೆ ಕೊಡ್ತಿದ್ರು, ಅದ್ಕೆ ಬುಟ್ಟೆ. ಬುಟ್ಟಿದ್ದು ಸರಿ. ನಂಗೆ ಯಾರೂ ಬಾರ್ಸು ಅಂದಿಲ್ಲ ಕಣಪ್ಪ. ನನ್ ಕುಸಿಗೆ ಬಾರಿಸ್ತಾ ಇವ್ನಿ."

"ಮುಂದ್ಗಡೆ ಕುರ್ಚಿ ಮ್ಯಾಲೆ ಕೂತವ್ರಲ್ಲ, ಅವ್ರಿಗೂ ಕುಸಿನೇ. ನಮ್ಮೂರಲ್ಲೂ ಎಲ್ರಿಗೂ ಕುಸಿಯಾಗೇ ಇತ್ತು. ಉಪ್ಪು ಕೇಳಾಗಂಟ."

ಸಂಘಮಿತ್ರ ತಮಟೆಯನ್ನು ಮತ್ತೆ ಬೆಂಕಿಗೆ ಒಡ್ಡಿದಳು. ಆ ಊರಿನ ತೇವದ ಗಾಳಿಗೆ ಕಾಸಿದ ಚರ್ಮ ಹತ್ತು ನಿಮಿಷಕ್ಕೆ ಸಡಿಲವಾಗುತ್ತಿತ್ತು. ಅತಿಥಿ ತಡ ಮಾಡಿದಷ್ಟೂ ಅವರು ಮತ್ತೆ ಮತ್ತೆ ಕಾಸಬೇಕಾಗಿತ್ತು. ಉಳಿದ ಆರೂ ಹೊಸ ಚರ್ಮ, ತಡೆದುಕೊಳ್ಳುತ್ತಿದ್ದವು. ಇದು ಇಪ್ಪತ್ತೆರಡು ವರ್ಷ ಅಟ್ಟದ ಹೊಗೆಯಲ್ಲಿ ಒಣಗಿದ್ದು. ಹಿಂದಿನ ರಾತ್ರಿಯೇ ಹರಳೆಣ್ಣೆ ಸವರಿಟ್ಟು, ಅಂಚನ್ನಷ್ಟೇ ಸುತ್ತ ತಿರುಗಿಸುತ್ತ ದೂರದಿಂದ ಕಾಸಬೇಕಾದದ್ದು. ಅವಳು ನಡುಭಾಗವನ್ನೇ ಜ್ವಾಲೆಗೆ ಹಿಡಿದಿದ್ದಳು.

ಆಮೇಲೆ ತಮಟೆಯನ್ನು ಅವನ ಮುಂದೆ ಚಾಚಿದಳು. ತಂಡದಲ್ಲಿ ಹಿರಿಯನಾದವನು ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಾದಿದೆ ಎಂದ ಮೇಲೆಯೇ ಉಳಿದವರು ಕೋಲು ಎತ್ತುವುದು. ಚಿಕ್ಕಂದಿನಲ್ಲಿ ಅವ್ವನ ಬಾಯಲ್ಲಿ ಕೇಳಿದ ಆ ವಾಡಿಕೆ ಅವಳಿಗೆ ನೆನಪಿತ್ತು.

"ಒಸಿ ನೋಡಪ್ಪ. ಕಾದದಾ?"

ತಟ್ಟದೆಯೇ ಅವನಿಗೆ ತಿಳಿದಿತ್ತು. ಚರ್ಮದ ನಡುವೆ ಹೆಬ್ಬೆರಳಗಲ ಬಣ್ಣ ತಿರುಗಿತ್ತು; ಜೋರಾಗಿ ಬಾರಿಸಿದರೆ ಹರಿಯುವಂಥದು. ಒಂದು ಮಾತು ಸಾಕಾಗಿತ್ತು. ಚಾಮಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಂಗೆ ಅದೆಲ್ಲ ಮರ್‍ತೋಗದೆ," ಎಂದ.

ಅತಿಥಿ ಬಂದದ್ದು ಐದಕ್ಕೆ ಹತ್ತು ನಿಮಿಷವಿರುವಾಗ. ಭಾಷಣ ಆರಂಭವಾಯಿತು. ಐದು ದಾಟುತ್ತಲೇ ಚಾಮಯ್ಯ ಕುರ್ಚಿಯಿಂದೆದ್ದ.

"ಗೇಟ್ ಮುಚ್ತಾರೆ. ನಡೀರಿ."

"ಬಾವಲಿಗೆ ಇಪ್ಪತ್ ನಿಮ್ಸ ಸಾಕು ಕಣಪ್ಪ. ಒಂದ್ ಅರ್ಧ ಗಂಟೆ ಕೂತ್ಕಳಣ," ಎಂದ ಮಾದೇಶ್.

"ಮಧ್ಯದಲ್ಲಿ ಗಾಡಿ ಕೆಟ್ರೆ? ನಿನ್ನ ಆನೆ ಬಂದ್ ತಳ್ಳದಾ?"

ಸಂಘಮಿತ್ರ ಓಡಿ ಬಂದಳು. ಹಣೆಯ ಮೇಲೆ ಬೂದಿ ಅಂಟಿತ್ತು. "ಇನ್ನೇನ್ ನಮ್ದೇ ಅಪ್ಪ. ರಾತ್ರೆ ನನ್ ರೂಮಲ್ಲೇ ಉಳ್ಕಳಿ, ಬೆಳಿಗ್ಗೆ ಗೇಟ್ ತೆಗೆದ್ಮೇಲೆ ಹೋಗೀರಂತೆ."

"ನಾನ್ ಉಳ್ಕತೀನಿ," ಎಂದಳು ಪುಟ್ಟಮಲ್ಲಮ್ಮ ಥಟ್ಟನೆ.

"ಉಳ್ಕ. ಅಟ್ಟದ್ ಮ್ಯಾಲೆ ಇನ್ನೂ ಏನೇನ್ ಮಡಗಿದ್ದೀಯೋ, ಅಷ್ಟರಲ್ಲಿ ನಾನ್ ಹೋಗಿ ಹುಡುಕ್ತೀನಿ."

ಪುಟ್ಟಮಲ್ಲಮ್ಮ ಡಬ್ಬಿಯನ್ನು ಮಗಳ ಕೈಗಿತ್ತು, ಸೆರಗಿನಿಂದ ಅವಳ ಹಣೆಯ ಬೂದಿ ಒರೆಸಿ, ಹೋಗಿ ಗಾಡಿ ಹತ್ತಿದಳು.

ಗಾಡಿ ಮೈದಾನದಾಚೆಯ ಏರಿನಲ್ಲಿ ಸಾಗುತ್ತಿದ್ದಾಗ ಹಿಂದಿನಿಂದ ತಮಟೆಯ ಸದ್ದು ಎದ್ದಿತು. ಮೊದಲು ಒಂದೇ ತಮಟೆ. ಅಪ್ಪನ ತಮಟೆಯ ಗಂಟಲನ್ನು ಚಾಮಯ್ಯ ಇಪ್ಪತ್ತೆರಡು ವರ್ಷಗಳ ನಂತರವೂ ಗುರುತಿಸಿದ. ಮಾದೇಶ್ ಕೇಳದೆಯೇ ವೇಗ ಇಳಿಸಿದ. ಮೈಕಿನಲ್ಲಿ ಆ ಸದ್ದು ಏರುತ್ತ ಏರುತ್ತ ಹೋಗಿ, ಪೆಟ್ಟೊಂದು ಬಟ್ಟೆ ಹರಿದಂತೆ ಕೇಳಿಸಿ, ನಿಂತುಹೋಯಿತು.

ಮುಂದಿನ ಪೆಟ್ಟಿಗಾಗಿ ಮೂವರೂ ಕಾದರು. ಉಳಿದ ತಮಟೆಗಳೂ ಸುಮ್ಮನಿದ್ದವು.

"ಯಾಕೆ ನಿಂತೋಯ್ತು?" ಎಂದಳು ಪುಟ್ಟಮಲ್ಲಮ್ಮ.

ಚಾಮಯ್ಯ ರಸ್ತೆಯನ್ನು ನೋಡುತ್ತಿದ್ದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಕೇಳಲಿಲ್ಲ.

ಬಾವಲಿ ತಲುಪಿದಾಗ ಗಂಟೆ ಐದೂವರೆ. ಕಾವಲುಗಾರ ಗಾಡಿಯ ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವಾಗ ಪುಟ್ಟಮಲ್ಲಮ್ಮನ ಮಡಿಲಲ್ಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮಗಳ ಫೋಟೋ. ಅವಳು ಅದನ್ನು ಗಂಡನ ಮುಂದೆ ಹಿಡಿದಳು.

"ನೀನೇ ಹೇಳು ಅವ್ಳಿಗೆ."

ಅವನ ಕೈಗಳು ತೊಡೆಯ ಮೇಲೆಯೇ ಇದ್ದವು. ಫೋನು ಬಡಿದುಕೊಂಡು ತಾನಾಗಿ ಸುಮ್ಮನಾಯಿತು. ಗಾಡಿ ಕಾಡಿನೊಳಗೆ ಹೊಕ್ಕಿತು. ಮೊದಲ ತಿರುವಿಗೇ ಪರದೆಯ ಮೇಲಿನ ನೆಟ್‌ವರ್ಕ್ ಗೀಟುಗಳು ಒಂದೊಂದಾಗಿ ಅಳಿದವು. ಹಿಂದೆ, ಗೇಟಿನ ಕಂಬ ಇನ್ನೂ ಮೇಲಕ್ಕೆ ಎತ್ತಿಯೇ ಇತ್ತು. ಗಾಡಿಗಳು ಆ ಕಡೆಗೂ ಈ ಕಡೆಗೂ ಆತುರವಿಲ್ಲದೆ ಹಾಯುತ್ತಿದ್ದವು.