ಮನೆಯ ಓಟು

ಹೇಮಪ್ಪನ ಎಡಗೈ ಒರೆಸುತ್ತಿದ್ದ ಖಾಜಾಸಾಬ ತೋರುಬೆರಳಿಗೆ ಬಂದು ನಿಂತುಬಿಟ್ಟ. ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಉಗುರಿನ ಬುಡ ಸ್ವಚ್ಛವಾಗಿತ್ತು.

“ಇವತ್ತ ಊರ ಮಂದಿ ಬೆರಳೆಲ್ಲ ಕರ್ರಗಾಗ್ತಾವು,” ಎಂದ. “ಚುನಾವಣಿಗೆ ನಿಂತಾವಂದ ಹಂಗ ಉಳೀತು ನೋಡ್ರಿ.”

ಮೂವತ್ತು ವರ್ಷದ ಗೆಳೆಯ ಅವನು. ಚುನಾವಣೆ ಬಂದಾಗಲೆಲ್ಲ ತನ್ನ ಟಂಟಂ ಆಟೋಗೆ ಮೈಕು ಕಟ್ಟಿಕೊಂಡು ಹೇಮಪ್ಪನ ಜೊತೆ ಕುಷ್ಟಗಿ ತಾಲ್ಲೂಕೆಲ್ಲ ಸುತ್ತಿದವನು. ನಿನ್ನೆ ಸಂಜೆ ಹೇಮಪ್ಪ ಎದೆ ಹಿಡಿದುಕೊಂಡು ಕೂತಾಗ ಹನುಮಸಾಗರದ ದವಾಖಾನೆಗೆ ಒಯ್ದದ್ದೂ ಅದೇ ಟಂಟಂ. ಮತದಾನಕ್ಕೆ ಒಂದೇ ರಾತ್ರಿ ಉಳಿದಿತ್ತು. ಅಷ್ಟೂ ತಡೆಯಲಿಲ್ಲ ಆ ಮನುಷ್ಯ.

ಮೈ ತೊಳೆದಾದ ಮೇಲೆ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಜನ ಶಾಲೆಯಲ್ಲಿ ಓಟು ಹಾಕಿ ಹಾಗೇ ಮಣ್ಣಿಗೆ ಬರುತ್ತಿದ್ದರು. ಹಾರ ಹಾಕುವ ಕೈಗಳಲ್ಲೆಲ್ಲ ಶಾಯಿ ಇತ್ತು.

“ನಿಂತಾಂವನ ಹೋದ ಮ್ಯಾಲೆ ಚುನಾವಣಿ ನಿಲ್ಲಂಗಿಲ್ಲೇನು?” ಯಾರೋ ಕೇಳಿದರು.

“ದೊಡ್ಡ ಪಕ್ಷದಾಂವ ಸತ್ತಿದ್ರ ಮುಂದಕ್ಕ ಹೋಗ್ತಿತ್ರಿ,” ಎಂದ ಹೇಮಪ್ಪನ ತಮ್ಮ ಯಂಕೇಶ. “ಪಕ್ಷೇತರ ಸತ್ರ ನಡೀತೈತಿ. ಮಷಿನ್ಯಾಗ ಹೆಸರು ಹಂಗ ಇರ್ತೈತಿ.”

ಗಂಡನ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ ಹಂಪವ್ವ ಮುಖ ಎತ್ತಿದಳು. “ಅವರ ಹೆಸರು ಐತಿ?”

“ಐತ್ರಿ ವೈನಿ. ಏಳನೇದು.”

“ಹಂಗಾದ್ರ ನಾ ಓಟ ಹಾಕಿ ಬರ್ತೀನಿ.”

ಅಳುತ್ತಿದ್ದವರೂ ತಿರುಗಿ ನೋಡಿದರು. ಯಂಕೇಶ ತಗ್ಗಿದ ದನಿಯಲ್ಲಿ, “ಹೆಣ ಎತ್ತೂತನಕ ನೀವು ಹೊಸ್ತಿಲ ದಾಟಬಾರದ್ರಿ. ಬಿಸಲ ಏರಾಕತ್ತೈತಿ. ಹನ್ನೆರಡಕ್ಕ ಎತ್ತಬೇಕು,” ಎಂದ.

*

ಹೇಮಪ್ಪ ಪಂಚಾಯ್ತಿಯ ನೀರಗಂಟಿಯಾಗಿದ್ದ. ಬೆಳಿಗ್ಗೆ ಎದ್ದು ವಾಲ್ ತಿರುವಿ ಊರಿಗೆ ನೀರು ಬಿಡುವುದು ಅವನ ಕೆಲಸ. ಗುಡ್ಡದಲ್ಲಿ ಕಲ್ಲುಗಣಿ ಶುರುವಾದ ಮೇಲೆ, ಬಂಡೆ ಸಿಡಿಸಿದ ಮರುದಿನ ಬೋರಿನ ನೀರು ಇಳಿಯುವುದು ಮೊದಲು ಕಂಡದ್ದು ಅವನಿಗೇ. ಅರ್ಜಿ ಕೊಟ್ಟ. ಲಾರಿಗಳ ಮುಂದೆ ಮಲಗಿ ಬಲಗೈ ಮುರಿಸಿಕೊಂಡ. ಕೊನೆಗೆ ಕೆಲಸ ಬಿಟ್ಟು ವಿಧಾನಸಭೆಗೇ ನಿಂತ.

ಆ ಸಲ ಅವನ ಪಾಲಿಗೆ ಬಂದ ಗುರುತು ಲಾರಿ. “ಲಾರಿ ಗುರ್ತಿಗೆ ಓಟ ಹಾಕ್ರಿ, ಲಾರಿ ನಿಲ್ಲಸ್ರಿ,” ಎಂದು ಖಾಜಾಸಾಬ ಊರೂರಲ್ಲಿ ಕೂಗಿದ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕವರು ಓಟನ್ನು ಮಾತ್ರ ಬೇರೆಯವರಿಗೆ ಹಾಕಿದರು.

ಸೋತ ಮೇಲೂ ಊರಿಗೆ ಬರುವ ಅಭ್ಯರ್ಥಿಯನ್ನು ಆ ಸೀಮೆ ಕಂಡಿರಲಿಲ್ಲ. ಪ್ರಚಾರದ ದಿನ ಮನೆಗಳ ಮುಂದೆ ತಾನೇ ನೆಟ್ಟ ಬೇವಿನ ಸಸಿ ಬದುಕಿದೆಯೋ ಇಲ್ಲವೋ ನೋಡಲು ಹೋಗುತ್ತಿದ್ದ. ಒಣಗಿದ್ದರೆ ಮನೆಯವರನ್ನು ಬಾಯ್ತುಂಬ ಬೈದು, ಅವರದೇ ಚಹಾ ಕುಡಿದು ಬರುತ್ತಿದ್ದ. ಎಂಥ ಚಂದದ ದಿನಗಳು ಅವು.

ಹೀಗೇ ನಾಲ್ಕು ಸಲ ನಿಂತ, ನಾಲ್ಕು ಸಲ ಸೋತ. ಕಳೆದ ಸಲ ಎಣಿಕೆ ಮುಗಿಸಿ ಬಂದು ರೊಟ್ಟಿ ಮುರಿಯುತ್ತ ಹೇಳಿದ್ದ: “ನಮ್ಮ ಬೂತಿನ್ಯಾಗ ನಲವತ್ತೊಂದು ಬಿದ್ದಾವು. ಮನಿ ಓಟು ಎರಡು ತಗದ್ರೂ ಮೂವತ್ತೊಂಬತ್ತು ಮಂದಿ ಗುಡ್ಡದ ಕಡೆ ಅದಾರ, ಹಂಪವ್ವ.”

ಆ ನಲವತ್ತೊಂದರಲ್ಲಿ ಹಂಪವ್ವನ ಓಟು ಇರಲಿಲ್ಲ. ನಾಲ್ಕು ಸಲವೂ ಅವಳು ಬೇರೆ ಗುಂಡಿ ಒತ್ತಿದ್ದಳು. ಲಾರಿ ತಡೆದದ್ದಕ್ಕೇ ಅವನ ಕೈ ಮುರಿದ ಗಣಿಯವರು, ಎಮ್ಮೆಲ್ಲೆ ಆಗಿ ಗಣಿ ಮುಚ್ಚಿಸಿದರೆ ಜೀವಂತ ಬಿಟ್ಟಾರೆಯೇ? ಗಂಡ ಉಳಿಯಲಿ ಎಂದು ಗಂಡನನ್ನೇ ಸೋಲಿಸಿದ್ದಳು. ಅದನ್ನು ಹೇಳಿಬಿಡಬೇಕೆಂದು ಅವತ್ತೂ ಬಾಯಿ ತೆರೆದು, “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳಿದ್ದಳು.

*

“ನಾ ಹೋಗಾಕಿನ,” ಎಂದು ಹಂಪವ್ವ ಎದ್ದಳು. “ಅವರಿಗೆ ಇದೊಂದು ಮಾಡಿಲ್ಲ ನಾ.”

ಆ ಮಾತು ಯಾರಿಗೂ ಅರ್ಥವಾಗಲಿಲ್ಲ. ಖಾಜಾಸಾಬ ಟಂಟಂನ ಕೀಲಿ ತೆಗೆದುಕೊಂಡ.

“ಒಂದ ತಾಸು ತಡ ಆದ್ರ ಹೇಮಪ್ಪ ಏನೂ ಅನ್ನಂಗಿಲ್ಲ, ಯಂಕೇಶ. ಕಚೇರಿ ಬಾಗಲದಾಗ ಕುಂತ ರೂಢಿ ಐತಿ ಅವಂಗ. ಬಾ ತಂಗಿ.”

ಶಾಲೆಯಲ್ಲಿ ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಒಳಗೆ ಹೋದವಳು ಏಳನೆಯ ಗುಂಡಿಯನ್ನು ಸದ್ದು ಬರುವವರೆಗೂ ಬಿಡಲಿಲ್ಲ. ಹೊರಗೆ ಬಂದು, ಎಡಗೈ ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದುಕೊಂಡು ಟಂಟಂ ಹತ್ತಿದಳು.

“ಸೆರಗು ಜಾರೈತಿ, ಸರಿ ಮಾಡ್ಕೋ ತಂಗಿ.”

“ಬ್ಯಾಡ ಅಣ್ಣಾ, ಶಾಯಿ ಒರಿಸಿ ಹೋಗ್ತೈತಿ. ಜಲ್ದಿ ನಡಿ.”

ಮನೆಗೆ ಬಂದವಳೇ ನೇರ ಗಂಡನ ಬಳಿ ಹೋಗಿ ಕೂತಳು. ಅವನ ಎಡಗೈ ಎತ್ತಿಕೊಂಡು, ತನ್ನ ಬೆರಳನ್ನು ಅವನ ಬೆರಳಿಗೆ ಒತ್ತಿ ಹಿಡಿದಳು. ತೆಗೆದು ನೋಡಿದಳು. ಇನ್ನೊಮ್ಮೆ ಒತ್ತಿದಳು. ಅವನ ಬೆರಳು ಮೊದಲಿನಂತೆಯೇ ಇತ್ತು. ಶಾಯಿ ದಾರಿಯಲ್ಲೇ ಒಣಗಿಹೋಗಿತ್ತು.

“ತಡ ಆತ್ರಿ,” ಎಂದಳು ಅವನಿಗೆ. “ನಾ ಭಾಳ ತಡ ಮಾಡಿದೆ.”

ಗುಡ್ಡದ ಕೆಳಗಿನ ಹೊಲದಲ್ಲಿ ಕುಣಿ ತೋಡಿದ್ದರು. ಮತದಾನದ ರಜೆ ಇದ್ದುದರಿಂದ ಗಣಿಯ ಸದ್ದಿರಲಿಲ್ಲ. ಒಬ್ಬೊಬ್ಬರೇ ಬಂದು ಬಲಗೈಯಿಂದ ಹಿಡಿಮಣ್ಣು ಹಾಕಿ ಸರಿದರು. ಹಂಪವ್ವ ಎರಡೂ ಕೈ ಜೋಡಿಸಿ ಬೊಗಸೆ ತುಂಬಿಕೊಂಡಳು. ಮಣ್ಣೆಲ್ಲ ಉದುರಿದ ಮೇಲೂ, ಕಪ್ಪು ಗೆರೆಯ ಆ ಬೆರಳು ಕುಣಿಯ ಮೇಲೆ ಹಾಗೇ ಚಾಚಿಕೊಂಡಿತ್ತು.